ಪೌಂಡ್ ಗುರುತಿನ ನಕಾರ

ನಮ್ಮೂರು ಖಟಕ ಚಿಂಚೋಳಿ. ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ. ಹೀಗೆ ಪೂರ್ತಿ ಹೇಳದಿದ್ದರೆ ಕೇಳಿದವರು ಕಲಬುರಗಿ ಜಿಲ್ಲೆಯ ಚಿಂಚೋಳಿ ಅಂದ್ಕೋತಾರೆ. ಅದು ತಾಲ್ಲೂಕು ಕೇಂದ್ರ, ಹೆಸರು ಮಾಡಿದ ಊರು. ನಾನು ಸಣ್ಣವನಿದ್ದಾಗ ‘ಖಟಕ’ ಅಂತ ಬರೆಯೋದು ಮರೆತ ನೆಂಟರ ಕಾಗದಗಳು ಆ ಚಿಂಚೋಳಿಯನ್ನು ಒಂದು ಸುತ್ತು ಹಾಕಿ ನಮ್ಮನೆಗೆ ಬರುತ್ತಿದ್ದವು. ಲಕೋಟೆಯ ಮೂಲೆಯಲ್ಲಿ ಯಾರೋ ಕೆಂಪು ಶಾಯಿಯಲ್ಲಿ ‘ಭಾಲ್ಕಿ ನೋಡಿ’ ಅಂತ ಗೀಚಿರೋರು. ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಬಂದದ್ದೂ ಉಂಟು, ಆದರೆ ಬಂತು. ಆ ‘ಯಾರೋ’ ಯಾರು ಅಂತ ನಾನು ಯೋಚಿಸಿರಲೇ ಇಲ್ಲ. ಮುಂದೆ ನಾನೇ ಅಂಥದೊಂದು ಕುರ್ಚಿಯಲ್ಲಿ ಕೂತೆ. ಕೆಂಪು ಶಾಯಿಯ ಪೆನ್ನು ಮಾತ್ರ ನನ್ನ ಕೈಯಲ್ಲಿರಲಿಲ್ಲ.

2008ರಿಂದ ಸುಮಾರು ಐದು ವರ್ಷ ನಾನು ಕನ್ನಡದ ಒಂದು ಮುಕ್ತ ತಂತ್ರಾಂಶ ಬಳಗದ ಮೇಲಿಂಗ್ ಲಿಸ್ಟ್‌ಗೆ ಮಾಡರೇಟರ್ ಆಗಿದ್ದೆ. ಬಳಗದ ಹೆಸರು ಬೇಡ. ತಪ್ಪು ಬಳಗದ್ದಲ್ಲ, ನನ್ನದು. ವಾಟ್ಸ್ಯಾಪ್ ಕಾಲದಲ್ಲಿ ಕಣ್ಣು ಬಿಟ್ಟವರಿಗೆ ಒಂದು ಮಾತು: ಒಂದೇ ವಿಳಾಸಕ್ಕೆ ಮೇಲ್ ಹಾಕಿದರೆ ಬಳಗದ ಎಲ್ಲರಿಗೂ ತಲುಪುವ ವ್ಯವಸ್ಥೆ ಅದು. ಲಿನಕ್ಸ್, ಗ್ನೋಮ್, ಕೆಡಿಇ, ಡೆಬಿಯನ್ ಎಲ್ಲ ಬೆಳೆದದ್ದು ಇಂಥ ಲಿಸ್ಟ್‌ಗಳ ಮೇಲೆಯೇ. ನಮ್ಮಲ್ಲಿ ‘ಫೈಲ್’ಗೆ ‘ಕಡತ’ ಅನ್ನೋಣವೋ ಬೇಡವೋ ಅಂತ ವಾರಗಟ್ಟಲೆ ಜಗಳ ಆಗೋದು. ಯಾವ ಫಾಂಟಿನಲ್ಲಿ ಯಾವ ಒತ್ತಕ್ಷರ ಒಡೆಯುತ್ತದೆ, ಯಾರ ಹತ್ತಿರ ತಿದ್ದಿದ ಕಡತ ಇದೆ, ಯಾರು ಮೂರು ತಿಂಗಳಿಂದ ಸುದ್ದಿಯೇ ಇಲ್ಲ. ಇಂಥವೇ ಮಾತು. ಹೊರಗಿನವರಿಗೆ ಬೇಜಾರು, ಒಳಗಿದ್ದವರಿಗೆ ಮನೆ.

ಆ ಮನೆಯ ಬಾಗಿಲಿಗೆ ದಿನಕ್ಕೆ ನಲವತ್ತು ಐವತ್ತು ಮಂದಿ ಬಂದು ಬಡಿಯೋರು. ಔಷಧಿ ಮಾರೋರು, ನಕಲಿ ಗಡಿಯಾರ ಮಾರೋರು, ಸತ್ತ ಮಂತ್ರಿಯ ಹೆಂಡತಿಯರು, ಮತ್ತೆ ಬ್ರಿಟನ್ನಿನ ಲಾಟರಿ ಕಚೇರಿಯವರು. ಆ ನಲವತ್ತರಲ್ಲಿ ನಿಜವಾದ ಮೇಲ್ ಒಂದಿರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೆಕ್ಕೋದೇ ನನ್ನ ಕೆಲಸ. ಸಂಬಳ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈ ಕೆಲಸದ ಬಗ್ಗೆ ಯಾರೂ ವಿಮರ್ಶೆ ಬರೆಯೋದಿಲ್ಲ. ತಂತ್ರಾಂಶದ ವಿಮರ್ಶೆ ಬರುತ್ತದೆ, ಅನುವಾದದ ವಿಮರ್ಶೆ ಬರುತ್ತದೆ, ಫಾಂಟಿನ ಅಂದಚಂದದ ಬಗ್ಗೆ ಬರುತ್ತದೆ. ಬಾಗಿಲಿನ ಬಗ್ಗೆ ಇಲ್ಲ. ಹಾಗಾಗಿ ಆ ಐದು ವರ್ಷ ನಾನು ದಿನಾ ನೋಡಿದ ಒಂದು ಪುಟವನ್ನೇ ಇಲ್ಲಿ ಓದಲು ತೆಗೆದುಕೊಳ್ಳುತ್ತೇನೆ. ಗ್ನೂ ಮೇಲ್‌ಮ್ಯಾನ್ ಅನ್ನುವ ತಂತ್ರಾಂಶದ ಮಾಡರೇಟರ್ ಪುಟ. ಪೈಥಾನ್‌ನಲ್ಲಿ ಬರೆದದ್ದು, ಮುಕ್ತ ಪರವಾನಗಿಯದು, ಜಗತ್ತಿನ ಅರ್ಧಕ್ಕರ್ಧ ಮುಕ್ತ ಬಳಗಗಳು ಅದರ ಮೇಲೆಯೇ ನಡೆದಿವೆ ಅಂದರೆ ಉತ್ಪ್ರೇಕ್ಷೆ ಅನಿಸಲಿಕ್ಕಿಲ್ಲ. ಒಳ್ಳೆಯ ತಂತ್ರಾಂಶ. ಅದನ್ನು ಬರೆದವರ ಮೇಲೆ ನನಗೆ ಗೌರವವೇ ಇದೆ. ಆದರೆ ಅದರ ಎರಡನೇ ಆವೃತ್ತಿಯ ಆ ಪುಟ ಇದೆಯಲ್ಲ, ಅದನ್ನು ಕಾವ್ಯ ಓದಿದ ಹಾಗೆ ಓದಬೇಕು.

ತಡೆದ ಪ್ರತಿ ಮೇಲ್‌ನ ಎದುರಿಗೂ ನಾಲ್ಕು ಗುಂಡಿ. ಮುಂದೂಡು, ಒಪ್ಪು, ತಿರಸ್ಕರಿಸು, ಬಿಸಾಡು. ‘ತಿರಸ್ಕರಿಸು’ ಒತ್ತಿದರೆ ಕಳಿಸಿದವರಿಗೆ ಕಾರಣದ ಸಮೇತ ಒಂದು ಪತ್ರ ಹೋಗುತ್ತದೆ. ‘ಬಿಸಾಡು’ ಒತ್ತಿದರೆ ಏನೂ ಹೋಗೋದಿಲ್ಲ. ಮೇಲ್ ಇದ್ದದ್ದೇ ಸುಳ್ಳು ಅನ್ನುವ ಹಾಗೆ ಮಾಯ. ಮೊದಲಿಗೆ ಎಲ್ಲ ಸಾಲುಗಳಲ್ಲೂ ‘ಮುಂದೂಡು’ ಒತ್ತಿಯೇ ಇರುತ್ತದೆ. ಅಂದರೆ, ನೀನಿನ್ನೂ ಯೋಚಿಸಿಲ್ಲ, ನಾಳೆ ನೋಡು. ಎಷ್ಟು ಸಭ್ಯ ಏರ್ಪಾಟು ಅನಿಸುತ್ತದಲ್ಲ? ಅದೇ ಪುಟದಲ್ಲಿ ಇನ್ನೊಂದು ಸಣ್ಣ ಚೌಕ ಇದೆ. ‘ಮುಂದೂಡು ಅಂತ ಗುರುತಾದ ಎಲ್ಲ ಮೇಲ್‌ಗಳನ್ನೂ ಬಿಸಾಡು.’ ಅಂದರೆ ನೀನು ಯಾವುದರ ಬಗ್ಗೆ ಇನ್ನೂ ತೀರ್ಮಾನ ಮಾಡಿಲ್ಲವೋ ಅದೆಲ್ಲವನ್ನೂ ಒಟ್ಟಿಗೆ ಕಸಕ್ಕೆ ಹಾಕು! ‘ಆಮೇಲೆ ನೋಡೋಣ’ ಎಂಬುದಕ್ಕೂ ‘ಸಾಯಲಿ’ ಎಂಬುದಕ್ಕೂ ನಡುವೆ ಒಂದೇ ಟಿಕ್ಕು. ಆ ಚೌಕ ಇಟ್ಟವನು ಕ್ರೂರಿಯಲ್ಲ. ಸ್ವತಃ ಮಾಡರೇಟರ್ ಆಗಿದ್ದವನೇ ಇರಬೇಕು. ಇನ್ನೂರು ಸಾಲಿನ ಪುಟದಲ್ಲಿ ಒಂದೊಂದೇ ಗುಂಡಿ ಒತ್ತಿ ಕೈ ಸೋತವನಿಗೇ ಅಂಥ ಉಪಾಯ ಹೊಳೆಯೋದು. ನಾನು ಅದನ್ನು ಎಷ್ಟು ಸಲ ಒತ್ತಿದ್ದೇನೆ ಅನ್ನೋದಕ್ಕೆ ಲೆಕ್ಕ ಇಲ್ಲ.

ತಿರಸ್ಕಾರಕ್ಕೆ ಬದಲು ಬಿಸಾಡೋದೇ ರೂಢಿಯಾದದ್ದಕ್ಕೂ ಒಂದು ನ್ಯಾಯವಾದ ಕಾರಣ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಸ್ಪ್ಯಾಮ್ ಕಳಿಸುವವನು ತನ್ನ ವಿಳಾಸ ಹಾಕೋದಿಲ್ಲ, ಯಾರದೋ ಪಾಪದವರ ವಿಳಾಸ ಕದ್ದು ಹಾಕಿರುತ್ತಾನೆ. ನೀವು ಕಾರಣ ಬರೆದು ತಿರಸ್ಕರಿಸಿದರೆ ಆ ಪತ್ರ ಹೋಗೋದು ಆ ಪಾಪದವರಿಗೆ. ನೀವೇ ಇನ್ನೊಬ್ಬ ಸ್ಪ್ಯಾಮರ್ ಆದ ಹಾಗೆ. ಆದ್ದರಿಂದ ಎಲ್ಲ ಹಿರಿಯರೂ ಹೇಳಿಕೊಡುವ ಮಾತು ಒಂದೇ: ಮಾತಾಡಬೇಡ, ಬಿಸಾಡು. ಮೌನವೇ ಸಭ್ಯತೆ. ಯಾರಿಗೂ ತೊಂದರೆಯಾಗಬಾರದು ಅಂತ ಹುಟ್ಟಿದ ಈ ಮೌನದಲ್ಲಿ ನಿಜವಾದ ಮನುಷ್ಯ ಒಬ್ಬ ಸಿಕ್ಕಿಹಾಕಿಕೊಂಡರೆ ಅವನ ಗತಿಯೇನು ಅಂತ ಆ ಪುಟ ಕೇಳೋದಿಲ್ಲ.

ಕಾಗದದ ಅಂಚೆ ಈ ವಿಷಯದಲ್ಲಿ ಎಷ್ಟೋ ವಾಸಿ. ವಿಳಾಸ ಸಿಗದ ಪತ್ರಗಳಿಗಂತಲೇ ಅವರದೊಂದು ಕಚೇರಿ ಇದೆ. ಅಲ್ಲಿ ಲಕೋಟೆ ಒಡೆದು, ಕಳಿಸಿದವರ ವಿಳಾಸ ಒಳಗೇನಾದರೂ ಇದೆಯೇ ಅಂತ ನೋಡಿ, ಇದ್ದರೆ ವಾಪಸ್ ಕಳಿಸುತ್ತಾರೆ. ಸರ್ಕಾರಿ ಕೆಲಸ ಅಂತ ನಾವು ನಗೋದು ಇಂಥದಕ್ಕೇ.

ಇನ್ನು ಈ ಪುಟದ ಕನ್ನಡದ ಲೆಕ್ಕ. ಇದು ಸ್ವಲ್ಪ ಲೆಕ್ಕದ ವಿಷಯ, ದಯವಿಟ್ಟು ಸಹಿಸಿಕೊಳ್ಳಿ. ಮೇಲ್‌ಮ್ಯಾನ್‌ನಲ್ಲಿ ಹುಟ್ಟಿನಿಂದಲೇ ಒಂದು ಮಿತಿ ಇದೆ: ಮೇಲ್‌ನ ಒಡಲು 40 ಕೆಬಿ ದಾಟಿದರೆ ತಡೆ. ಇಂಗ್ಲಿಷಿನಲ್ಲಿ 40 ಕೆಬಿ ಅಂದರೆ ಒಂದು ಸಣ್ಣ ಪುಸ್ತಕದ ಎರಡು ಅಧ್ಯಾಯ. ಕನ್ನಡದಲ್ಲಿ? ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಹಳೆಯ ಅಂಚೆ ದಾರಿಗಳಿಗೆ ಒಗ್ಗುವ ಹಾಗೆ ಅದನ್ನು ಕಟ್ಟುವ ಒಂದು ಪದ್ಧತಿಯಲ್ಲಿ ಪ್ರತಿ ಬೈಟೂ ಮತ್ತೆ ಮೂರು ಅಕ್ಷರ ಆಗುತ್ತದೆ. ಅಲ್ಲಿಗೆ ಒಂದು ‘ಕ’ ಅಂದರೆ ಒಂಬತ್ತು. ‘ಕನ್ನಡದಲ್ಲಿ’ ಅನ್ನುವ ಒಂದೇ ಪದದಲ್ಲಿ ವಿರಾಮ, ಗುಣಿತ ಎಲ್ಲ ಸೇರಿ ಹತ್ತು ಸಂಕೇತ, ಅಂದರೆ 90 ಬೈಟು. ಹೀಗೆ ಹೋದರೆ ಸುಮಾರು 450 ಪದಕ್ಕೆ ನಮ್ಮ 40 ಕೆಬಿ ಮುಗಿಯಿತು. ಕನ್ನಡದ ಬಗ್ಗೆ ಕನ್ನಡದಲ್ಲೇ ವಿವರವಾಗಿ ಬರೆದವನ ಮೇಲ್ ಬಾಗಿಲಲ್ಲಿ ನಿಲ್ಲುತ್ತಿತ್ತು. ಅದನ್ನೇ ಇಂಗ್ಲಿಷಿನಲ್ಲಿ ಬರೆದವನದು ಸೀದಾ ಒಳಗೆ. ಯಾರೂ ಕನ್ನಡದ ವಿರುದ್ಧ ಸಂಚು ಮಾಡಿಲ್ಲ. ಎಲ್ಲೋ ಕೂತ ಒಬ್ಬರು ಒಂದು ಅಂಕಿ ಆರಿಸಿದರು, ಅದು ನಮ್ಮಲ್ಲಿಗೆ ಬರೋ ಹೊತ್ತಿಗೆ ಒಂಬತ್ತರಲ್ಲಿ ಒಂದು ಪಾಲು ಆಗಿತ್ತು. ಆ ಮಿತಿಯನ್ನು ಬದಲಿಸೋದು ಒಂದು ನಿಮಿಷದ ಕೆಲಸ. ನಮ್ಮ ಲಿಸ್ಟಿನಲ್ಲಿ ಅದು ಬದಲಾಗಲು ಎರಡು ವರ್ಷ ಹಿಡಿಯಿತು. ಅಷ್ಟು ದಿನ ನಾನು ‘ಕನ್ನಡದವರು ಉದ್ದ ಬರೀತಾರೆ’ ಅಂತಲೇ ನಂಬಿದ್ದೆ.

ಸ್ಪ್ಯಾಮ್‌ಗೆ ಇಂಗ್ಲಿಷ್‌ನಲ್ಲಿ ತಕ್ಕಮಟ್ಟಿಗೆ ಹಳೆಯ ಚರಿತ್ರೆ ಇದೆ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥುರ್ಕ್ ಎಂಬ ಮಾರಾಟಗಾರ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಟ್ಟಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದ್ದನ್ನು ಮೊದಲನೆಯದು ಅಂತ ಎಣಿಸುತ್ತಾರೆ. 1994ರ ಏಪ್ರಿಲ್‌ನಲ್ಲಿ ಕ್ಯಾಂಟರ್ ಮತ್ತು ಸೀಗಲ್ ಅನ್ನುವ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಗುಂಪುಗಳಿಗೆ ಸುರಿದರು. ಅಲ್ಲೂ ಲಾಟರಿಯೇ, ನೋಡಿ. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಪದಗಳ ಸಂಭವನೀಯತೆ ಲೆಕ್ಕ ಹಾಕಿ ಜರಡಿ ಹಿಡಿಯುವ ವಿಧಾನ ಮನೆಮಾತಾಯಿತು. ಅದರಲ್ಲೇ ಅವರು ಹೇಳಿದ್ದ ಇನ್ನೊಂದು ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ: ಸ್ಪ್ಯಾಮ್ ಒಳಗೆ ನುಸುಳೋದಕ್ಕಿಂತ ಒಳ್ಳೆಯ ಮೇಲ್ ಕಸಕ್ಕೆ ಹೋಗೋದು ಎಷ್ಟೋ ಪಾಲು ಕೆಟ್ಟದ್ದು. ನಾನು ಆ ಲೇಖನ ಓದಿದ್ದೆ. ಬೇರೆಯವರಿಗೂ ಓದಿ ಅಂತ ಕಳಿಸಿದ್ದೆ.

ಈಗ ನನ್ನ ಕಥೆಗೆ ಬರ್ತೀನಿ.

2010ರ ಸುಮಾರಿಗೆ ಬ್ರಿಟನ್ ಲಾಟರಿಯ ಕಾಟ ವಿಪರೀತ. ನೀವು ಇಷ್ಟು ಲಕ್ಷ ಪೌಂಡ್ ಗೆದ್ದಿದ್ದೀರಿ ಅಂತ ದಿನಕ್ಕೆ ಹತ್ತು ಹದಿನೈದು. ಮೇಲ್‌ಮ್ಯಾನ್ ಪ್ರತಿದಿನ ಬೆಳಿಗ್ಗೆ 8ಕ್ಕೆ ‘ಇಷ್ಟು ಮೇಲ್ ನಿಮ್ಮ ತೀರ್ಮಾನಕ್ಕೆ ಕಾದಿವೆ’ ಅಂತ ನೆನಪಿಸುತ್ತದೆ. ಬೆಳಿಗ್ಗೆ ಅಂದರೆ ಸರ್ವರ್ ಇರುವ ಊರಿನ ಬೆಳಿಗ್ಗೆ. ನಮ್ಮದು ಅಮೆರಿಕದಲ್ಲಿತ್ತು, ಹಾಗಾಗಿ ನನಗದು ರಾತ್ರಿ ಊಟದ ಹೊತ್ತು. ನಾನಾಗ ಬೆಂಗಳೂರಲ್ಲಿ ನೌಕರಿಯಲ್ಲಿದ್ದೆ. ದೀಪಾವಳಿಗೆ ಊರಿಗೆ ಬಂದಿದ್ದೆ, ಖಟಕದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಮೊಬೈಲ್‌ನಿಂದ ಲ್ಯಾಪ್‌ಟಾಪ್‌ಗೆ ನೆಟ್ ಕೊಟ್ಟುಕೊಂಡು ಒಂದೊಂದು ಪುಟ ತೆರೆಯಲು ನಿಮಿಷಗಟ್ಟಲೆ ಕಾಯುತ್ತಿದ್ದೆ. ತಟ್ಟೆಯಲ್ಲಿ ಹೋಳಿಗೆ ಆರುತ್ತಿತ್ತು. ‘ಅದೇನ್ ಮಾಡ್ಲಾಕತ್ತೀದಿ, ಉಣ್ಣೊ ಮೊದಲ’ ಅಂತ ಅವ್ವ ಎರಡು ಸಲ ಕೂಗಿದಳು. ಆ ಸಿಟ್ಟಿನಲ್ಲಿ ಒಂದು ನಿಯಮ ಬರೆದೆ. ಮೇಲ್‌ನ ವಿಷಯದ ಸಾಲಿನಲ್ಲಿ ಪೌಂಡ್ ಚಿಹ್ನೆ ಇದ್ದರೆ ಬಿಸಾಡು. ನನಗೆ ತೋರಿಸಲೂ ಬೇಡ. ಕನ್ನಡ ತಂತ್ರಾಂಶದ ಲಿಸ್ಟಿಗೆ ಪೌಂಡ್‌ನಲ್ಲಿ ವ್ಯವಹಾರ ಮಾಡೋರು ಯಾರಿದ್ದಾರೆ?

ಬಹಳ ಚೆನ್ನಾಗಿ ಕೆಲಸ ಮಾಡಿತು. ಕ್ಯೂ ಅರ್ಧ ಆಯಿತು. ಬಳಗದಲ್ಲಿ ಇಬ್ಬರು ಮೆಚ್ಚಿ ಬರೆದರು, ಐದು ವರ್ಷದಲ್ಲಿ ನನಗೆ ಸಿಕ್ಕ ಎರಡೇ ಮೆಚ್ಚುಗೆ ಅವು. ನಾಲ್ಕು ವರ್ಷ ಆ ನಿಯಮ ಅಲ್ಲೇ ಇತ್ತು. ನಾನು ಕೆಲಸ ಬಿಟ್ಟ ಮೇಲೂ.

2014ರಲ್ಲಿ ತಂಗಿಯ ಮಗನ ಜವಳಕ್ಕೆ ಪತ್ರಿಕೆ ಮಾಡಿಸಲು ಭಾಲ್ಕಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಡಿಟಿಪಿ ಅಂಗಡಿ. ಅಂಗಡಿಯವರು ಔರಾದ ಕಡೆಯವರು. ಹತ್ತು ಹನ್ನೆರಡು ವರ್ಷದಿಂದ ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ತಹಸೀಲಿಗೆ ಅರ್ಜಿ ಇದನ್ನೇ ಮಾಡಿದ ಕೈ. ಅವರು ನುಡಿಯಲ್ಲಿ ಟೈಪ್ ಮಾಡುತ್ತಿದ್ದರು, ಕೀಲಿಮಣೆ ನೋಡದೆ. ನಾನು ಹೆಚ್ಚು ತಿಳಿದವನ ಹಾಗೆ, ಯುನಿಕೋಡ್ ಯಾಕೆ ಬಳಸೋದಿಲ್ಲ ಅಂದೆ.

‘ಹಳೀ ಮ್ಯಾಟರ್ ಎಲ್ಲಾ ನುಡಿದಾಗೇ ಅದ ರಿ. ಹ್ಯಾಂಗ ಬದಲ್ ಮಾಡೋದು? ಅದರ ಸಲುವಾಗಿ ಒಂದ್ ಲಿಸ್ಟಿಗಿ ಬರದಿದ್ದೆ, ಎರಡ್ ಸಲ. ಯಾರೂ ಜವಾಬೇ ಕೊಡ್ಲಿಲ್ಲ. ದೊಡ್ಡ ಮಂದಿ, ಬೆಂಗಳೂರ್ ಮಂದಿ, ನಮಗೇನ್ ಕೊಡ್ತಾರ ಬಿಡ್ರಿ.’

ಯಾವ ಲಿಸ್ಟು ಅಂತ ಕೇಳಿದೆ. ಹೇಳಿದರು.

ನಾನು ಅದರ ಮಾಡರೇಟರ್ ಆಗಿದ್ದೆ ಅಂತ ತಕ್ಷಣ ಹೇಳಲಿಲ್ಲ. ಅಂಥ ಮೇಲ್ ಬಂದ ನೆನಪೇ ಇರಲಿಲ್ಲ. ಅವರಿಗೇ ಎಲ್ಲೋ ವಿಳಾಸ ತಪ್ಪಿರಬೇಕು ಅಂದುಕೊಂಡು ಕಳಿಸಿದ ಮೇಲ್ ಇದೆಯೇ ಅಂತ ಕೇಳಿದೆ. ಇತ್ತು. ತೆರೆದು ತೋರಿಸಿದರು. ವಿಳಾಸ ಸರಿಯಾಗಿತ್ತು. ವಿಷಯದ ಸಾಲಿನಲ್ಲಿ ಏನೋ ಗಜಿಬಿಜಿ. ಆ ಗಜಿಬಿಜಿಯ ಮೊದಲ ಅಕ್ಷರ ಪೌಂಡ್ ಚಿಹ್ನೆ.

ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣೋದು ಫಾಂಟ್ ಇರುವ ತನಕ ಮಾತ್ರ. ಕಂಪ್ಯೂಟರಿನ ಒಳಗೆ ಉಳಿಯೋದು ಯುರೋಪಿನ ಅಕ್ಷರಗಳ ಸಂಕೇತಗಳೇ. ನುಡಿಯಲ್ಲಿ ‘ಕನ್ನಡ’ ಅಂತ ಬರೆದು ಫಾಂಟ್ ತೆಗೆದರೆ ಕಾಣೋದು: ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಬಾಲದ ಎಸ್, ಕ್ಯೂ, ಮತ್ತೊಂದು ಎ. ನಡುವೆ ಬಂದ ಆ ಪೌಂಡ್ ಚಿಹ್ನೆಯೇ ‘ನ’. ನಕಾರ ಇರುವ ಬಹುತೇಕ ಪದಗಳಲ್ಲಿ ಪೌಂಡ್ ಇರುತ್ತದೆ. ‘ನಾನು’ ಅಂತ ಬರೆದರೆ ಎರಡು ಪೌಂಡ್. ‘ನಮಸ್ಕಾರ’ ಅಂದರೆ ಮೊದಲೇ ಪೌಂಡ್. ‘ನುಡಿ’ ಎಂಬ ಪದವೇ ಪೌಂಡ್‌ನಿಂದ ಶುರು. ಅವರ ವಿಷಯದ ಸಾಲು ‘ನುಡಿಯಿಂದ ಯುನಿಕೋಡಿಗೆ ಅರ್ಕಾವೊತ್ತಿನ ತೊಂದರೆ’ ಅಂತ ಇತ್ತು. ಅದರ ಕೆಳಗೆ, ದಯವಿಟ್ಟು ನುಡಿ ಫಾಂಟ್ ಹಾಕಿ ಓದಿ ಅಂತ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಂದು ಸಾಲು.

ಕನ್ನಡಕ್ಕಾಗಿ ಇದ್ದ ಲಿಸ್ಟಿನಲ್ಲಿ, ಕನ್ನಡದ ಒಂದು ಅಕ್ಷರವನ್ನು ಬಿಸಾಡು ಅಂತ ನಿಯಮ ಬರೆದವನು ನಾನು. ಅದೂ ಊರಿನಲ್ಲಿ, ಹೋಳಿಗೆ ತಟ್ಟೆ ಮುಂದೆ ಕೂತು.

ಭಾಲ್ಕಿಯವನಾಗಿ ಇದು ನನಗೆ ಹೊಳೆಯಬೇಕಿತ್ತು. ನಿಜಾಮನ ಕಾಲದಲ್ಲಿ ಈ ಕಡೆ ಕನ್ನಡ ಕಲಿಸೋದು ಸಲೀಸಾಗಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ನಮ್ಮ ಕಡೆ ಈ ಮಾತು ಕೇಳದೆ ಬೆಳೆದ ಮಗು ಇಲ್ಲ. ನನಗೂ ನಮ್ಮ ಮಾಸ್ತರು ಹತ್ತು ಸಲ ಹೇಳಿದ್ದರು, ಭಾಷಣ ಸ್ಪರ್ಧೆಯಲ್ಲಿ ನಾನೂ ಹೇಳಿ ಬಹುಮಾನ ತಗೊಂಡಿದ್ದೆ. ಹೊರಗಿನ ಫಲಕ ಬೇರೆ ಲಿಪಿಯಲ್ಲಿದ್ದರೂ ಒಳಗೆ ಕನ್ನಡ ಇರಬಹುದು ಅನ್ನೋದು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಫಲಕ ನೋಡಿ ಶಾಲೆ ಮುಚ್ಚಿಸಿದವರ ಪೈಕಿ ಆದೆ.

ಆ ಎರಡನೇ ಮೇಲ್ ಪೂರ್ತಿ ಓದಿದೆ, ಅಲ್ಲೇ, ನುಡಿ ಫಾಂಟ್ ಹಾಕಿ. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಬರುತ್ತದೆ. ‘ಕರ್ಮ’ ಬರೆಯುವಾಗ ಮೊದಲು ಕ, ಆಮೇಲೆ ಮ, ಕೊನೆಗೆ ಅರ್ಕಾವೊತ್ತು. ಯುನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಕ, ರ, ವಿರಾಮ, ಮ. ಹಾಗಾಗಿ ಬರೀ ಚಿಹ್ನೆಗೆ ಚಿಹ್ನೆ ಬದಲಿಸಿದರೆ ಸಾಲದು, ಅರ್ಕಾವೊತ್ತನ್ನು ಹಿಂದಕ್ಕೆ ಸರಿಸಬೇಕು. ಎಷ್ಟು ಹಿಂದಕ್ಕೆ? ಒತ್ತಕ್ಷರ ಇದ್ದರೆ ಅದನ್ನೂ ದಾಟಿಸಬೇಕು, ಗುಣಿತ ಇದ್ದರೆ ಅದನ್ನೂ. ಈ ಮನುಷ್ಯ ವಹಿಯಲ್ಲಿ ಒಂದು ಕೋಷ್ಟಕ ಮಾಡಿದ್ದರು. ಯಾವ ಗುರುತಿಗೆ ಯಾವ ಅಕ್ಷರ, ಎಲ್ಲಿ ಕ್ರಮ ತಿರುಗುತ್ತದೆ, ಯಾವ ಹೆಸರುಗಳಲ್ಲಿ ತಪ್ಪು ಬೀಳುತ್ತದೆ ಅನ್ನೋದರ ಸಮೇತ. ಉದಾಹರಣೆಗಳೆಲ್ಲ ಲಗ್ನಪತ್ರಿಕೆಯ ಹೆಸರುಗಳೇ. ಅದೇ ವರ್ಷ ನಮ್ಮ ಲಿಸ್ಟಿನಲ್ಲಿ ಇದೇ ಅರ್ಕಾವೊತ್ತಿನ ಮೇಲೆ ಮೂರು ನಾಲ್ಕು ಮಂದಿ ತಲೆ ಕೆಡಿಸಿಕೊಂಡಿದ್ದರು. ಒಬ್ಬರೂ ದಿನಾ ನುಡಿಯಲ್ಲಿ ಕೆಲಸ ಮಾಡುವವರಲ್ಲ.

ಮುಂದೆ ಬೇರೆಯವರು ಆ ಕೆಲಸ ಮಾಡಿದರು. ಈಗ ನುಡಿಯಿಂದ ಯುನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶಗಳಿವೆ, ಚೆನ್ನಾಗಿಯೇ ಇವೆ. ಹಾಗಾಗಿ ಕನ್ನಡಕ್ಕೆ ನಷ್ಟವಾಯಿತು ಅಂತ ದೊಡ್ಡ ಮಾತು ಆಡಲಾರೆ. ಆದರೆ ಆ ಐದು ವರ್ಷದಲ್ಲಿ ಬೀದರ್ ಜಿಲ್ಲೆಯಿಂದ ಲಿಸ್ಟಿಗೆ ಬರೆದ, ನನಗೆ ಗೊತ್ತಿರುವ ಒಬ್ಬನೇ ಮನುಷ್ಯ ಇವರು. ಅವರನ್ನು ಹೊರಗೆ ನಿಲ್ಲಿಸಿದವನು ಬೀದರ್ ಜಿಲ್ಲೆಯವನೇ. ‘ಉತ್ತರ ಕರ್ನಾಟಕದಿಂದ ಯಾಕೆ ಯಾರೂ ಬರೋದಿಲ್ಲ’ ಅಂತ ಬಳಗದ ಸಭೆಯೊಂದರಲ್ಲಿ ನಾನೇ ಎದ್ದು ನಿಂತು ಕೇಳಿದ್ದೆ.

ಇಲ್ಲಿ ನನ್ನ ಪರವಾಗಿ ಹೇಳಬಹುದಾದ್ದು ಸಾಕಷ್ಟಿದೆ. ಸ್ನೇಹಿತರು ಹೇಳಿದರು ಕೂಡ. ಪುಕ್ಕಟೆ ಮಾಡಿದ ಕೆಲಸ, ದಿನಕ್ಕೆ ಐವತ್ತು ಕಸ, ಒಂದು ತಪ್ಪಿದರೆ ಏನೀಗ. ನಾನಿಲ್ಲದಿದ್ದರೆ ಲಿಸ್ಟೇ ಮುಳುಗುತ್ತಿತ್ತು. ಅದೂ ನಿಜ. ಮಾಡರೇಟರ್ ಸಿಗದೆ ಕಸ ತುಂಬಿ ಸತ್ತ ಲಿಸ್ಟ್‌ಗಳನ್ನು ನಾನೇ ನೋಡಿದ್ದೇನೆ. ಆದರೆ ‘ಸೇವೆ’ ಅನ್ನುವ ಪದದ ಮೇಲೆ ನನಗೆ ಈಗ ಅನುಮಾನ. ಸಂಬಳ ಇಲ್ಲದ ಕೆಲಸಕ್ಕೆ ಲೆಕ್ಕ ಕೇಳಬಾರದು ಅಂತ ನಾವು ಎಲ್ಲೋ ಒಪ್ಪಿಕೊಂಡುಬಿಟ್ಟಿದ್ದೇವೆ. ಮುಕ್ತ ತಂತ್ರಾಂಶದಲ್ಲಿ ಕೋಡ್‌ನ ಪ್ರತಿ ಸಾಲಿಗೂ ಯಾರು ಬರೆದರು, ಯಾವಾಗ, ಯಾಕೆ ಅನ್ನೋ ದಾಖಲೆ ಇದೆ. ಗ್ನೋಮ್‌ನ ಅನುವಾದ ಕಡತಗಳಲ್ಲಿ ಅನುವಾದಕರ ಹೆಸರು ಹಾಕಲೆಂದೇ ಒಂದು ಸಾಲು ಇರುತ್ತದೆ, ಅದು ‘ಕುರಿತು’ ಕಿಟಕಿಯಲ್ಲಿ ಕಾಣುತ್ತದೆ. ವಿಕಿಪೀಡಿಯಾದಲ್ಲಿ ಪುಟ ಅಳಿಸಿದರೆ ಅಳಿಸಿದವರ ಹೆಸರು, ಕಾರಣ ಲಾಗ್‌ನಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ನೋಡಬಹುದು, ಜಗಳ ತೆಗೆಯಬಹುದು. ಬಿಸಾಡಿದ ಮೇಲ್‌ಗೆ? ಸರ್ವರಿನ ಮೂಲೆಯ ಒಂದು ಲಾಗ್ ಕಡತದಲ್ಲಿ ಒಂದು ಸಾಲು. ಅದನ್ನು ನೋಡಲು ಸರ್ವರಿನ ಕೀಲಿ ಬೇಕು. ಅದು ನನಗೂ ಇರಲಿಲ್ಲ.

ಹೆಸರು ಇಲ್ಲದ ಕೆಲಸ ಅಂತ ಮಾಡರೇಟರ್‌ಗಳು ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಹೆಸರು ಇಲ್ಲ ಅನ್ನೋದು ಬರೀ ಕಷ್ಟವಲ್ಲ, ಒಂದು ಸುಖ ಕೂಡ. ಮೆಚ್ಚುಗೆ ಬರೋದಿಲ್ಲ, ಪ್ರಶ್ನೆಯೂ ಬರೋದಿಲ್ಲ.

ಬೇರೆ ದಾರಿ ಇರಲಿಲ್ಲವೇ ಅಂದರೆ, ಇತ್ತು. ಡೆಬಿಯನ್‌ನ ಲಿಸ್ಟ್‌ಗಳಿಗೆ ಸದಸ್ಯರಲ್ಲದವರೂ ಬರೆಯಬಹುದು, ಅದನ್ನವರು ಹಟ ಹಿಡಿದು ಉಳಿಸಿಕೊಂಡಿದ್ದಾರೆ. ಸ್ಪ್ಯಾಮ್ ನುಸುಳಿದರೆ ಕಡತಾಗಾರದಲ್ಲಿ ಓದುಗರೇ ಗುರುತು ಹಾಕುತ್ತಾರೆ, ಆಮೇಲೆ ಒಬ್ಬರಲ್ಲ, ಹಲವು ಸ್ವಯಂಸೇವಕರು ನೋಡಿ ಹೌದು ಅಂದರೆ ಮಾತ್ರ ತೆಗೆಯುತ್ತಾರೆ. ಅವರಿಗೆ ಮಂದಿ ಇದ್ದಾರೆ, ನಮಗೆ ಇರಲಿಲ್ಲ ಅನ್ನಬಹುದು. ಸಣ್ಣ ಭಾಷೆಯ ಸಣ್ಣ ಬಳಗದಲ್ಲಿ ಒಬ್ಬನ ರಾತ್ರಿಯ ಸಿಟ್ಟೇ ಬಳಗದ ನೀತಿ ಆಗಿಬಿಡುತ್ತದೆ, ಅದು ಖರೆ. ಆದರೂ ನಾನು ‘ಬಿಸಾಡು’ ಬದಲು ‘ತಡೆ’ ಅಂತ ಬರೆದಿದ್ದರೆ ಸಾಕಿತ್ತು. ವಾರಕ್ಕೊಮ್ಮೆ ಕಣ್ಣಾಡಿಸಿದ್ದರೆ ಎರಡನೇ ಮೇಲ್ ಆದರೂ ಸಿಗುತ್ತಿತ್ತು. ನಿಯಮವನ್ನು ಲಿಸ್ಟಿನಲ್ಲಿ ಒಂದು ಸಾಲು ಬರೆದು ತಿಳಿಸಿದ್ದರೆ ನುಡಿ ಬಲ್ಲವರೊಬ್ಬರಾದರೂ ‘ಏನ್ರಿ ಇದು, ನಕಾರ ತೆಗೀತಿದೀರಿ’ ಅಂತ ನಗುತ್ತಿದ್ದರು. ಯಾರಿಗೂ ಹೇಳಲಿಲ್ಲ. ಸ್ಪ್ಯಾಮ್ ತಡೆಯುವ ನಿಯಮಗಳನ್ನು ಬಹಿರಂಗ ಮಾಡಬಾರದು, ಸ್ಪ್ಯಾಮರ್‌ಗಳು ಕಲಿತುಬಿಡ್ತಾರೆ ಅನ್ನೋದು ನಮ್ಮ ಶಾಸ್ತ್ರ. ಕೋಡ್ ಎಲ್ಲ ಬಹಿರಂಗ ಇರಬೇಕು ಅಂತ ಬೀದಿಗಿಳಿದು ಹೇಳುವವರ ಶಾಸ್ತ್ರ!

ಕಾನೂನು ಇದಕ್ಕೆಲ್ಲ ಆಸರೆಯಾಗಬಹುದಿತ್ತು ಅಂತ ಕೆಲವರು ಅನ್ನುತ್ತಾರೆ. 2005ರಲ್ಲೇ ಒಇಸಿಡಿ ಸಂಸ್ಥೆಗೆ ಸುರೇಶ್ ರಾಮಸುಬ್ರಮಣಿಯನ್ ಬರೆದ ವರದಿ, ನಮ್ಮಂಥ ದೇಶಗಳಲ್ಲಿ ಬ್ಯಾಂಡ್‌ವಿಡ್ತ್ ದುಬಾರಿ, ಆದ್ದರಿಂದ ಸ್ಪ್ಯಾಮ್‌ನ ಹೊರೆ ಇಲ್ಲಿ ಇನ್ನೂ ಭಾರ ಅಂತ ತೋರಿಸಿತ್ತು. ಮೊಬೈಲ್ ನೆಟ್‌ನಲ್ಲಿ ಕ್ಯೂ ತೆರೆದು ಕೂತವನಿಗೆ ಅದು ವರದಿ ಓದದೆಯೂ ಗೊತ್ತು. ನಮ್ಮಲ್ಲಿ ಇಮೇಲ್ ಸ್ಪ್ಯಾಮ್‌ಗೆಂದೇ ಕಾನೂನು ಬರಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿಸಿದ, 2009ರಲ್ಲಿ ಜಾರಿಗೆ ಬಂದ 66ಎ ಕಲಮಿನ ಒಂದು ಉಪಭಾಗ, ಕಿರಿಕಿರಿ ಮಾಡಲು ಅಥವಾ ಎಲ್ಲಿಂದ ಬಂತು ಅಂತ ಮರೆಮಾಚಲು ಕಳಿಸಿದ ಮೇಲ್ ಅಪರಾಧ ಅಂತಿತ್ತು. ಅದನ್ನು ಹಿಡಿದು ಯಾವ ಲಾಟರಿಯವನನ್ನು ಜೈಲಿಗೆ ಹಾಕಿದ್ದೂ ನಾನು ಕೇಳಿಲ್ಲ, ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯರನ್ನು ಹಿಡಿದದ್ದು ಎಲ್ಲರೂ ಕೇಳಿದ್ದೇವೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ ಆ ಕಲಮನ್ನೇ ತೆಗೆದುಹಾಕಿತು. ಸರಿಯಾದ ತೀರ್ಪು. ‘ಕಿರಿಕಿರಿ’ ಅನ್ನೋ ಪದ ಅಷ್ಟು ಅಗಲ ಇದ್ದರೆ ಅದರಲ್ಲಿ ಯಾರು ಬೇಕಾದರೂ ಬೀಳುತ್ತಾರೆ. ನನ್ನ ಪೌಂಡ್ ನಿಯಮವೂ ಅದೇ ಜಾತಿಯದು, ಕೋರ್ಟಿಗೆ ಹೋಗುವಷ್ಟು ದೊಡ್ಡದಾಗಿರಲಿಲ್ಲ ಅಷ್ಟೇ.

ಅಂಗಡಿಯಲ್ಲಿ ಆವತ್ತು ಕೊನೆಗೂ ಹೇಳಿದೆ. ಆ ಲಿಸ್ಟಿನ ಬಾಗಿಲು ಕಾಯುತ್ತಿದ್ದವನು ನಾನೇ, ನಿಮ್ಮ ಮೇಲ್ ತೆಗೆದುಹಾಕಿದ್ದು ನಾನೇ, ಓದದೆ. ಪೌಂಡ್ ಚಿಹ್ನೆಯ ಕಥೆ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, ನಕ್ಕರು. ‘ಅಯ್ಯ, ನಾ ಅಂದ್ರ ಪೌಂಡೇನ್ರಿ! ಗೊತ್ತೇ ಇರ್ಲಿಲ್ಲ ನನಗ’ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾ ಖರೆ ಅಂದ್ರ ತಿಳ್ಕೊಂಡಿದ್ದೆ, ನನ್ನ ಕನ್ನಡ ಬರಾಬರ್ ಇಲ್ಲ, ಅದಕ್ಕ ಜವಾಬ್ ಕೊಟ್ಟಿಲ್ಲ ಅಂತ’ ಅಂದರು.

ಆ ರಾತ್ರಿಯೇ ಹಳೆಯ ಗೆಳೆಯರಿಗೆ ಬರೆದು ನಿಯಮ ತೆಗೆಸಿದೆ. ಅಂಗಡಿಯವರಿಗೂ ಈಗಲಾದರೂ ಲಿಸ್ಟಿಗೆ ಸೇರಿ, ಆ ಕೋಷ್ಟಕ ಕಳಿಸಿ ಅಂತ ಫೋನ್ ಮಾಡಿ ಹೇಳಿದೆ. ಆ ವಹಿ ಎಲ್ಲಿ ಹೋಯಿತೋ, ಅಂಗಡಿ ಬದಲಿಸುವಾಗ ಕಳೆಯಿತು ಅಂದರು. ‘ಈಗ ಯಾತಕ್ಕ ಬಿಡ್ರಿ. ನಿಮ್ಮ ಜವಳದ ಪತ್ರಿಕಾ ಪ್ರೂಫ್ ತಯಾರ್ ಅದ, ಬಂದು ಹೆಸರುಗೋಳು ನೋಡಿ ಹೋಗ್ರಿ. ಅರ್ಕಾವೊತ್ತು ಎರಡ್ ಕಡಿ ಅವ, ಒಂದ್ಸಲ ಛಲೋತ್ನ್ಯಾಗ ನೋಡ್ರಿ.’